ಪಟ್ಟಿಯಲ್ಲಿಲ್ಲದ ಹಣೆಗೊಂದು ಬಾಸಿಂಗ

ಬೆಟಗೇರಿ
ಇಸವಿ ೨೧೭೪, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ಮನೆಯ ಗಣಕದ ಮುಂದೆ ಕುಳಿತು, ಮೊಟ್ಟಮೊದಲ ಸಲ ಏನನ್ನಾದರೂ ಸ್ವಂತ ಕೈಯಿಂದ ಮಾಡಬೇಕೆಂದಿರುವ ನಿಮಗೆ ಶಾವಂತ್ರೆವ್ವ ಬೇವಿನಕಟ್ಟಿ ಮಾಡುವ ಶರಣು.

ತಾರೀಖು ಕಂಡು ತಪ್ಪು ಬಿದ್ದಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ತಿಂಗಳಿಗೆ ಇಪ್ಪತ್ತೆಂಟೇ ದಿನ, ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದಕ್ಕೆ ಉಳಿಕೆ ತಿಂಗಳು ಎನ್ನುತ್ತೇವೆ. ನಿಮಗೆ ತಿಳಿಯಲೆಂದು ನಾನು ಹಳೆಯ ಪುಸ್ತಕಗಳ ಕನ್ನಡದಲ್ಲಿ ಬರೆಯಲು ಹೆಣಗುತ್ತಿದ್ದೇನೆ. ಆದರೂ ನಡುನಡುವೆ ನಮ್ಮ ಕಾಲದ ಮಾತು ನುಸುಳುತ್ತದೆ, ಮನ್ನಿಸಿ. ಈ ಪತ್ರ ಹಿಂದಿನ ಕಾಲದಲ್ಲಿರುವ ನಿಮ್ಮನ್ನು ಹೇಗೆ ತಲುಪೀತೆಂದು ಇಲ್ಲಿ ಕೆಲವರು ನಗುತ್ತಾರೆ. ಬರೆಯುವುದಷ್ಟೇ ನನ್ನ ಪಾಲಿನ ಕೆಲಸ. ಬರೆಯಬಾರದೆಂದು ಮೇಲಿನವರು ಹೇಳಿದ್ದಾರೆ, ಅದಕ್ಕೂ ಬರೆಯುತ್ತಿದ್ದೇನೆ.

ಮೊದಲು ನಮ್ಮ ಬದುಕಿನ ರೀತಿ ಹೇಳುತ್ತೇನೆ. ನಾವು ಯಾವ ವಸ್ತುವನ್ನೂ ನಮ್ಮದೆಂದು ಇಟ್ಟುಕೊಳ್ಳುವುದಿಲ್ಲ. ಪ್ರತಿ ಓಣಿಗೂ ಒಂದು ತರಿಸುಮನೆ ಇದೆ. ಬೇಕಾದದ್ದನ್ನು ಗೋಡೆಯೊಳಗಿನ ಗಣಕಕ್ಕೆ ಹೇಳಿದರೆ ಮರುದಿನ ಅದು ತರಿಸುಮನೆಯ ಗೂಡಿಗೆ ಬಂದು ಕೂತಿರುತ್ತದೆ. ಸೀರೆ, ಕೊಡ, ಮಂಚ, ಕನ್ನಡಕ, ಕೂಸಿನ ಗಿಲಕಿ, ಎಲ್ಲವೂ ಹಾಗೆಯೇ ಬರುತ್ತವೆ. ಹಳತಾದ ಮೇಲೆ ಅದೇ ಗೂಡಿನಲ್ಲಿ ಇಟ್ಟು ಬರುತ್ತೇವೆ. ಅವನ್ನೆಲ್ಲ ಕರಗಿಸಿ ಮತ್ತೆ ಅದದೇ ವಸ್ತು ಮಾಡುವ ಜಾಗಕ್ಕೆ ಆಕಾರ ಭಂಡಾರ ಎಂದು ಹೆಸರು. ಭಂಡಾರದ ಪಟ್ಟಿಯಲ್ಲಿ ಇರುವ ಆಕಾರಗಳು ಮಾತ್ರ ಊರೊಳಗೆ ಇರಬಹುದು. ಮನೆಯಲ್ಲಿ ಹೊಸ ಆಕಾರ ಹುಟ್ಟಿಸಬಾರದು ಎಂಬುದು ನಮ್ಮ ಮಕ್ಕಳು ಅಕ್ಷರಕ್ಕಿಂತ ಮುಂಚೆ ಕಲಿಯುವ ಮಾತು. ಈ ಕಾನೂನು ಮಾಡಿದವರು ಕೆಟ್ಟವರಲ್ಲ. ನೀವೂ ನಿಮ್ಮ ಮೊಮ್ಮಕ್ಕಳೂ ಮಾಡಿ ಮಾಡಿ ಎಸೆದದ್ದೆಲ್ಲ ನಮ್ಮೂರಿನ ದಕ್ಷಿಣಕ್ಕೆ ಗುಡ್ಡವಾಗಿ ಬಿದ್ದಿದೆ. ಅದರ ಹೊಗೆ ಕುಡಿದು ನಮ್ಮ ಅಜ್ಜಿ ಸಾಯುವವರೆಗೂ ಕೆಮ್ಮಿದಳು. ಆದ್ದರಿಂದ ಐವತ್ತಾರು ವರ್ಷ ನಾನೂ ಆ ಕಾನೂನನ್ನು ಮನಸಾರೆ ಒಪ್ಪಿದ್ದೆ. ಹುಟ್ಟಾ ತಂಟೆಕೋರಳು ಎಂದು ನನ್ನನ್ನು ತಿಳಿಯಬೇಡಿ. ನಾನು ಊರ ಕೆರೆಯ ನೀರಿನ ಮಟ್ಟ ನೋಡಿ ಬರೆದಿಡುವ ಕೆಲಸದವಳು. ಮೂವತ್ತು ವರ್ಷ ಒಂದೇ ಕಂಬ, ಒಂದೇ ಗುರುತು ನೋಡಿದವಳು. ಕೈಯಿಂದ ಒಂದು ಬತ್ತಿಯನ್ನೂ ಹೊಸೆದಿರಲಿಲ್ಲ.

ನನಗೊಬ್ಬ ತಂಗಿ ಇದ್ದಾಳೆ, ಫಕೀರವ್ವ. ಹದಿಮೂರು ವರ್ಷದ ಹಿಂದೆ ಅವಳು ದುಡಿಯುತ್ತಿದ್ದ ನೂಲಿನ ಗಿರಣಿಯ ಗೋಡೆ ಕುಸಿಯಿತು. ಹಣೆಯ ಎಡಭಾಗದ ಎಲುಬು ಪುಡಿಯಾಗಿತ್ತು, ವೈದ್ಯರು ಅದನ್ನು ತೆಗೆದರು. ಜೀವ ಉಳಿಯಿತು. ಎಲುಬಿದ್ದ ಜಾಗದಲ್ಲಿ ಮೂರು ಬೆರಳು ಕೂರುವಷ್ಟು ಕುಳಿ ಬಿತ್ತು. ಅಲ್ಲಿ ಚರ್ಮವೊಂದೇ ಇದೆ. ಬೆರಳು ಸ್ವಲ್ಪ ಒತ್ತಿದರೂ ಅವಳಿಗೆ ಕಣ್ಣು ಕತ್ತಲೆ ಬಂದು ವಾಂತಿಯಾಗುತ್ತದೆ. ಅಂದಿನಿಂದ ಅವಳು ತಲೆಗೆ ಸಡಿಲವಾಗಿ ಬಟ್ಟೆ ಸುತ್ತಿಕೊಂಡೇ ಇದ್ದಳು. ನನ್ನೆದುರಿಗೂ ಬಿಚ್ಚುತ್ತಿರಲಿಲ್ಲ. ಹೋದ ವರ್ಷ, ಐವತ್ತೊಂದನೆಯ ವಯಸ್ಸಿನಲ್ಲಿ, ಅವಳು ನಮ್ಮ ಓಣಿಯ ಮೌನೇಶಪ್ಪನನ್ನು ಮದುವೆಯಾಗುತ್ತೇನೆಂದಳು. ಮೌನೇಶಪ್ಪ ಗಾಡಿಯ ಗಾಲಿ ರಿಪೇರಿ ಮಾಡುವವನು, ಹೆಂಡತಿ ತೀರಿಕೊಂಡವನು, ಮಿತಭಾಷಿ. ನಾನು ಕುಣಿಯುವುದೊಂದು ಬಾಕಿ.

ನಮ್ಮ ಕಡೆ ಮದುವೆಯೆಂದರೆ ಹಣೆಗೆ ಬಾಸಿಂಗ ಕಟ್ಟಬೇಕು. ಅದು ನಿಮ್ಮ ಕಾಲದಲ್ಲೂ ಇತ್ತೆಂದು ಬಲ್ಲೆ. ಭಂಡಾರದ ಪಟ್ಟಿಯಲ್ಲಿ ಈಗಲೂ ಒಂದು ಬಾಸಿಂಗವಿದೆ, ಎಲ್ಲ ಮದುವೆಗೂ ಅದೊಂದೇ. ಅದಕ್ಕೆ ಲೋಹದ ಪಟ್ಟಿ ಇದ್ದು, ಹಣೆಗೆ ಬಿಗಿಯಾಗಿ ಕೂರುತ್ತದೆ. ಫಕೀರವ್ವ ಅದನ್ನು ಒಮ್ಮೆ ಕಟ್ಟಿ ನೋಡಿ ಗೋಡೆ ಹಿಡಿದು ಕುಸಿದಳು. ನಾನು ಗೋಡೆಯ ಗಣಕಕ್ಕೆ ಎಲ್ಲವನ್ನೂ ವಿವರವಾಗಿ ಹೇಳಿ, ಎಡಗಡೆ ಒತ್ತದಂಥ ಬಾಸಿಂಗ ಬೇಕೆಂದು ಕೇಳಿದೆ. ಎರಡು ದಿನದ ಮೇಲೆ ಉತ್ತರ ಬಂತು: "ತಾವು ಕೊಟ್ಟ ಅಳತೆ ಪಟ್ಟಿಯಲ್ಲಿ ಇರುವುದಿಲ್ಲ. ಆಭರಣವಿಲ್ಲದೆ ವಿವಾಹ ನೆರವೇರಿಸಲು ಅಡ್ಡಿಯಿಲ್ಲ."

ಫಕೀರವ್ವ ಅದನ್ನು ಓದಿ ನಕ್ಕಳು.

"ಬಿಡವಾ ಅಕ್ಕ. ಅರ್ಧ ತಲಿ ಇದ್ದಾಕಿಗೆ ಬಾಸಿಂಗ ಯಾಕ ಬೇಕು," ಎಂದಳು.

ಅವಳು ಅತ್ತಿದ್ದರೆ ಸಮಾಧಾನ ಮಾಡಿ ಸುಮ್ಮನಾಗುತ್ತಿದ್ದೆನೋ ಏನೋ. ಆ ನಗೆ ನನ್ನನ್ನು ಮನೆಯಲ್ಲಿ ಕೂರಗೊಡಲಿಲ್ಲ. ಅಂದು ಮಧ್ಯಾಹ್ನವೇ ಖೈರುನ್ ಅಕ್ಕೋರ ಮನೆಗೆ ಹೋದೆ.

ಅಕ್ಕೋರು ಎಂದರೆ ನಮ್ಮಲ್ಲಿ ಶಾಲೆ ಕಲಿಸುವ ಹೆಂಗಸು. ಖೈರುನ್ನಿಸಾ ಅಕ್ಕೋರು ನನಗೆ ಮಗ್ಗಿ ಕಲಿಸಿದವರು, ಈಗ ಎಂಬತ್ತೆರಡು ವರ್ಷ. ಅವರ ಮನೆಯಲ್ಲಿ ಜೋಳದ ಕಣಜದ ಹಿಂದೆ ಒಂದು ಖುಲ್ಲಾ ಗಣಕ ಇದೆಯೆಂದು ಓಣಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ನಿಮ್ಮ ಮನೆಗಳಲ್ಲಿ ಇರುವಂಥ, ಯಾರ ಅಪ್ಪಣೆಯನ್ನೂ ಕೇಳದೆ ಹೇಳಿದ ಕೆಲಸ ಮಾಡುವ ಯಂತ್ರಕ್ಕೆ ನಾವು ಖುಲ್ಲಾ ಗಣಕ ಎನ್ನುತ್ತೇವೆ. ಶಾಲೆಯವರು ಎಸೆದ ತುಂಡುಗಳನ್ನು ಕೂಡಿಸಿ ಅಕ್ಕೋರೇ ಅದನ್ನು ಕಟ್ಟಿದ್ದರು. ಅದಕ್ಕೊಂದು ಗೆರೆಕೈ ಇತ್ತು. ಗೆರೆಕೈ ಎಂದರೆ ಪೆನ್ನು ಹಿಡಿದ ಒಂದು ಸಣ್ಣ ತೋಳು. ಪರದೆಯ ಮೇಲೆ ನಾವು ಬರೆದದ್ದನ್ನು ಅದು ಕಾಗದದ ಮೇಲೆ ಹಾಗೆಯೇ ಎಳೆಯುತ್ತದೆ.

"ಯಾರಿಗೆ ಬೇಕು?" ಎಂದು ಕೇಳಿದರು ಅಕ್ಕೋರು. ಹೇಳಿದೆ. "ಹಂಗಾರ ಕೂಡು," ಎಂದರು. ಹೆದರಿಕೆಯ ಮಾತನ್ನೇ ಎತ್ತಲಿಲ್ಲ.

ಈಗ ನಾನು ಹೇಳುವುದನ್ನು ನೀವು ಗಮನವಿಟ್ಟು ಕೇಳಿ, ಏಕೆಂದರೆ ನಿಮಗೂ ಹೀಗೆಯೇ ಆಗುತ್ತದೆ. ಮೊದಲ ದಿನ ನನ್ನಿಂದ ಒಂದು ನೆಟ್ಟಗಿನ ಗೆರೆ ಬರಲಿಲ್ಲ. ಗುಂಡಗೆ ಬರೆದದ್ದು ಬದನೆಕಾಯಿಯಾಯಿತು. ಅಳಿಸಬಹುದು, ಎಷ್ಟು ಸಲವಾದರೂ ಹಿಂದಕ್ಕೆ ಹೋಗಬಹುದು ಎಂದು ಅಕ್ಕೋರು ತೋರಿಸಿಕೊಟ್ಟಾಗ ನನಗೆ ನಂಬಿಕೆಯೇ ಬರಲಿಲ್ಲ. ಕೆರೆಯ ಪುಸ್ತಕದಲ್ಲಿ ಬರೆದದ್ದನ್ನು ನಾನು ಎಂದೂ ಅಳಿಸಿದವಳಲ್ಲ. ಎರಡನೆಯ ದಿನ ಒಂದು ಹೂವಿನ ಎಸಳು ಬಂತು. ಒಂದು ಎಸಳನ್ನು ಎಂಟು ಮಾಡಿ ಸುತ್ತ ತಿರುಗಿಸುವ ಬಗೆ ಕಲಿತಾಗ ಪರದೆಯ ಮೇಲೆ ಇಡೀ ಹೂವು ಅರಳಿತು. ನಾನು ಐದು ನಿಮಿಷ ಅದನ್ನು ನೋಡುತ್ತಾ ಕೂತೆ. ಅಕ್ಕೋರು ಚಹಾ ಕುಡಿಯುತ್ತಾ ನನ್ನನ್ನು ನೋಡುತ್ತಿದ್ದರು.

ಮೂರನೆಯ ದಿನ ಗೆರೆಕೈಗೆ ಕೊಟ್ಟೆವು. ಅದು ಕಿರ್ರೆನ್ನುತ್ತಾ ಎಳೆದು ಮುಗಿಸಿದಾಗ ಕಾಗದದ ಮೂಲೆಯಲ್ಲಿ ನಿಂಬೆಕಾಯಿಯಷ್ಟು ದೊಡ್ಡ ಬಾಸಿಂಗವಿತ್ತು. ನಾನು ಅಂಗುಲವೆಂದುಕೊಂಡು ಕೊಟ್ಟ ಅಳತೆಯನ್ನು ಯಂತ್ರ ಸೆಂಟಿಮೀಟರ್ ಎಂದು ತಿಳಿದಿತ್ತು.

"ಬೊಂಬಿ ಮದುವಿ ಹೂಡೀಯೇನವಾ?" ಎಂದು ಅಕ್ಕೋರು ಕೆಮ್ಮು ಬರುವವರೆಗೂ ನಕ್ಕರು.

ಅಳತೆ ತಿದ್ದಿದೆವು. ಅವರು ಒಂದು ಉಪಾಯ ಹೇಳಿಕೊಟ್ಟರು. "ಅರ್ಧ ನೀ ಬರಿ. ಉಳಿದರ್ಧ ಕನ್ನಡ್ಯಾಗ ಕಂಡಂಗ ಇದ ಬರೀತೈತಿ." ಹಾಗೆಯೇ ಮಾಡಿದೆ. ಎರಡೂ ಕಡೆ ಸರಿಸಮ, ಹೂವಿನ ಪಕ್ಕ ನಾನು ಬರೆದ ಗಿಣಿ ಎರಡಾಗಿ ಒಂದಕ್ಕೊಂದು ಮುಖ ಮಾಡಿ ಕೂತದ್ದು ನೋಡಲು ಚೆಂದ. ಕತ್ತರಿಸಿ ತಂಗಿಗೆ ಒಯ್ದೆ. ಕಟ್ಟುತ್ತಿದ್ದಂತೆ ಅವಳು ನನ್ನ ಕೈ ಹಿಡಿದುಕೊಂಡಳು, ಎಡಗಡೆಯ ಅಂಚು ನೇರ ಕುಳಿಯ ಮೇಲೆಯೇ ಬಂದು ಕೂತಿತ್ತು. ಮರಳಿ ಅಕ್ಕೋರ ಹತ್ತಿರ ಬಂದು, "ಆಕಿ ಹಣಿ ಎರಡೂ ಕಡೆ ಒಂದ ನಮೂನಿ ಇಲ್ರಿ," ಎಂದೆ.

"ಹಂಗಾರ ಎಡಕ್ಕ ಬ್ಯಾರೆ, ಬಲಕ್ಕ ಬ್ಯಾರೆ, ಎರಡೂ ನೀನ ಬರೀಬೇಕು. ಮೊದಲ ಆಕಿ ಹಣಿ ಬರಕೊಂಡು ಬಾ."

ಹಣೆ ಬರೆದುಕೊಂಡು ಬರುವುದೆಂದರೆ ಮುಟ್ಟಬೇಕು. ಮೌನೇಶಪ್ಪ ಬೆರಳಿಗೆ ಬಗ್ಗುವಂಥ ಮೆತ್ತನೆಯ ತಾಮ್ರದ ತಂತಿ ತಂದುಕೊಟ್ಟು ತಾನು ಹೊರಗೆ ಹೋಗಿ ಕೂತ. ಫಕೀರವ್ವ ಬಹಳ ಹೊತ್ತು ತಲೆಯ ಬಟ್ಟೆಯ ಗಂಟು ಹಿಡಿದುಕೊಂಡೇ ಇದ್ದಳು. ಆಮೇಲೆ ಬಿಚ್ಚಿದಳು. ಹದಿಮೂರು ವರ್ಷದಲ್ಲಿ ಮೊದಲ ಸಲ ನಾನು ಆ ಕುಳಿಯನ್ನು ಬೆಳಕಿನಲ್ಲಿ ನೋಡಿದೆ. ಒಳಗೆ ನಾಡಿ ಬಡಿಯುವುದು ಚರ್ಮದ ಮೇಲೆ ಕಾಣುತ್ತಿತ್ತು. ಅವಳು ನನ್ನ ಬೆರಳು ಹಿಡಿದು ತಾನೇ ಅಂಚಿನ ಸುತ್ತ ತಿರುಗಿಸಿ, ಎಲ್ಲಿ ತಾಳುತ್ತದೆ, ಎಲ್ಲಿ ತಾಳುವುದಿಲ್ಲ ಎಂದು ತೋರಿಸಿದಳು.

"ಇಲ್ಲಿಂದ ಇಲ್ಲಿತನಕ ಮುಟ್ಟಬ್ಯಾಡ. ಇದರ ಹೊರಗ ಏನ ಇಟ್ರೂ ತಡೀತೀನಿ."

ತಂತಿಯನ್ನು ಆ ಅಂಚಿಗೆ ಹೊಂದಿಸಿ ಬಗ್ಗಿಸಿಕೊಂಡು, ಎದೆಗವಚಿಕೊಂಡು ಓಣಿ ದಾಟಿದೆ. ಅದನ್ನು ಪರದೆಯ ಮೇಲೆ ಇಟ್ಟು ಅದರ ಗುಂಟ ಗೆರೆ ಎಳೆದೆ. ಎಡಗಡೆ ಗಿಣಿಗೆ ಜಾಗವಿರಲಿಲ್ಲ. ಅಲ್ಲಿ ಕುಳಿಯ ಮೇಲೆ ಕಮಾನಿನಂತೆ ಬಾಗಿದ, ಎಲ್ಲೂ ತಾಗದ ಒಂದು ಬಳ್ಳಿ ಬರೆದೆ. ಏಳು ಸಲ ಬರೆದೆ. ಪ್ರತಿ ಸಲವೂ ಬೇರೆ ಹೆಸರಿನಲ್ಲಿ ಉಳಿಸಿಟ್ಟೆ. ಹಾಗೆ ಉಳಿಸುವುದನ್ನು ನೀವೂ ರೂಢಿ ಮಾಡಿಕೊಳ್ಳಿ, ನನ್ನ ಏಳನೆಯದಕ್ಕಿಂತ ನಾಲ್ಕನೆಯ ಬಳ್ಳಿಯೇ ಚೆನ್ನಾಗಿತ್ತು. ಬಾಸಿಂಗಕ್ಕೆ ಬೇಕಾದ ಬೆಂಡು ಕೆರೆಯ ಅಂಚಿನಲ್ಲಿಯೇ ಬೆಳೆಯುತ್ತಿತ್ತು. ಮೂವತ್ತು ವರ್ಷ ದಿನಾ ದಾಟಿ ಹೋದ ಗಿಡ, ಅದರ ಬಿಳಿಯ ಹಗುರ ತಿರುಳು ಇಂಥದಕ್ಕೆ ಬರುತ್ತದೆಂದು ಅಂದು ತಿಳಿಯಿತು. ತರಿಸಿದ ಸಾಮಾನಿಗೆ ಸುತ್ತಿ ಬಂದ ದಪ್ಪ ಕಾಗದ, ಗೋಧಿ ಹಿಟ್ಟಿನ ಅಂಟು. ಒಳಗಿನ ಕಿಂಡಿಗಳನ್ನು ಮೊದಲು ಕತ್ತರಿಸಬೇಕು, ಹೊರಗಿನ ಅಂಚನ್ನು ಕೊನೆಗೆ. ಇದನ್ನು ನಾನು ಎರಡು ಹಾಳೆ ಹರಿದುಕೊಂಡ ಮೇಲೆ ಕಲಿತೆ, ನೀವು ಇಲ್ಲಿಯೇ ಕಲಿತುಬಿಡಿ.

ಕತ್ತರಿಸಿದ ಚೂರುಗಳನ್ನು ರೂಢಿಯಂತೆ ತರಿಸುಮನೆಯ ಗೂಡಿನಲ್ಲಿ ಇಟ್ಟು ಬಂದೆ. ಅದೇ ತಪ್ಪಾಯಿತು. ಗೂಡು ಪ್ರತಿ ವಸ್ತುವಿನ ಆಕಾರ ನೋಡುತ್ತದೆ. ಪಟ್ಟಿಯಲ್ಲಿಲ್ಲದ ಎಸಳು, ಪಟ್ಟಿಯಲ್ಲಿಲ್ಲದ ಗಿಣಿಯ ಕೊಕ್ಕು ಕಂಡು ಅದು ಮೇಲಿನವರಿಗೆ ತಿಳಿಸಿತು.

ಮದುವೆಯ ದಿನ ಬೆಳಿಗ್ಗೆ, ಹಂದರದಲ್ಲಿ ಓಣಿಯವರೆಲ್ಲ ಸೇರಿದ್ದಾಗ ಆಕಾರ ಅಧಿಕಾರಿ ಬಂದ. ಕಟಗೇರಿ ಎಂಬುವನು, ನಲವತ್ತರ ಆಸುಪಾಸಿನ ಮರ್ಯಾದಸ್ಥ ಮನುಷ್ಯ. ಆಗಲೇ ಫಕೀರವ್ವನ ಹಣೆಗೆ ಬಾಸಿಂಗ ಕಟ್ಟಿದ್ದೆ. ತಲೆಯ ಬಟ್ಟೆ ತೆಗೆದು, ಇದ್ದ ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದಳು. ಬಳ್ಳಿಯ ಕೆಳಗೆ ಕುಳಿ ಕಾಣುತ್ತಿತ್ತು, ಅದನ್ನು ಮುಚ್ಚುವ ಯೋಚನೆ ನಮ್ಮಿಬ್ಬರಿಗೂ ಬರಲಿಲ್ಲ.

"ಇದಕ್ಕ ಅಪ್ಪಣಿ ಐತೇನ್ರಿ?" ಎಂದು ಅವನು ನನ್ನನ್ನು ಕೇಳಿದ.

"ಇಲ್ರಿ."

"ಯಾರ ಮಾಡಿದ್ದು?"

"ನಾನ ಮಾಡಿದ್ದು. ಬರದದ್ದು, ಕತ್ತರಿಸಿದ್ದು, ಅಂಟಿಸಿದ್ದು ಎಲ್ಲಾ ನಾನ."

"ಬಿಚ್ಚಿ ಕೊಡ್ರಿ. ಅಕ್ಷತಿ ಆಮ್ಯಾಲ ಹಾಕ್ರಿ. ನಾ ಒಯ್ಯಬೇಕಾಗತೈತಿ."

ಫಕೀರವ್ವ ಮಣೆಯಿಂದ ಎದ್ದು ಅವನ ಎದುರಿಗೆ ಬಂದು ನಿಂತಳು. ಅವನಿಗೆ ಕಾಣಲೆಂದು ಮುಖವನ್ನು ಸ್ವಲ್ಪ ಬಲಕ್ಕೆ ತಿರುಗಿಸಿದಳು.

"ನಾ ಬಿಚ್ಚೂದಿಲ್ರಿ. ನೀವ ಬಿಚ್ಕೋರಿ. ಎಡಕ್ಕ ಮಾತ್ರ ಕೈ ಹಗೂರ ಇರಲಿ, ಅಲ್ಲಿ ಎಲುಬಿಲ್ಲ."

ಅವನ ಕೈ ಮೇಲೆದ್ದಿತು. ಅರ್ಧಕ್ಕೆ ಬಂದು ನಿಂತಿತು. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಅದು ಹಾಗೆಯೇ ಕೆಳಗಿಳಿಯಿತು. ಅವನು ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡು, ಬರೆದ ಯಂತ್ರ ಎಲ್ಲಿದೆಯೆಂದು ವಿಚಾರಿಸಿ, ಅಕ್ಕೋರ ಮನೆಯ ಖುಲ್ಲಾ ಗಣಕವನ್ನೂ ಗೆರೆಕೈಯನ್ನೂ ಗಾಡಿಗೆ ಹಾಕಿಸಿಕೊಂಡು ಹೋದ. ಮೌನೇಶಪ್ಪ ಮಣೆಯ ಮೇಲೆ ಸರಿದು ಜಾಗ ಮಾಡಿದ, "ಬಾ, ಕೂಡು," ಎಂದ. ಅಕ್ಷತೆ ಬಿತ್ತು.

ಗಣಕ ಹೋದದ್ದಕ್ಕೆ ನಾನು ಅಕ್ಕೋರ ಕಾಲು ಹಿಡಿಯಲು ಹೋದರೆ ಅವರು ಬೈದರು. "ಅದನ್ನ ಕೂಡಿಸಿದಾಕಿ ನಾನು. ಇನ್ನೊಂದು ಕೂಡ್ಸೂಣಂತ. ನೀ ಮೊದಲ ಊಟ ಮಾಡು."

ತಿಂಗಳೊಪ್ಪತ್ತಿನಲ್ಲಿ ಲಕ್ಕುಂಡಿಯಲ್ಲಿ ವಿಚಾರಣೆಯಾಯಿತು. ಮೂವರು ಹಿರಿಯರು ಕೂತಿದ್ದರು. ಕಟಗೇರಿ ಸಾಕ್ಷಿ ಹೇಳಿದ. "ಆಕಿ ಹಣಿಮ್ಯಾಲೆ ಇತ್ರಿ. ಕೀಳಾಕ ನನ್ನ ಕೈಲೆ ಆಗ್ಲಿಲ್ಲ," ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆ ಮಾತಿಗಾಗಿ ಅವನನ್ನು ಬೇರೆ ಕಡೆ ಹಾಕಿದರೆಂದು ಆಮೇಲೆ ಕೇಳಿದೆ. ಇನ್ನು ಮುಂದೆ ಆಕಾರ ಹುಟ್ಟಿಸುವುದಿಲ್ಲವೆಂದು ಸಹಿ ಮಾಡಿದರೆ ಇಷ್ಟಕ್ಕೆ ಬಿಡುತ್ತೇವೆಂದು ಹಿರಿಯರು ಹೇಳಿದರು. ನಾನು ಸಹಿ ಮಾಡುವುದಿಲ್ಲವೆಂದೆ. ನಡುವೆ ಕೂತ ಹಿರಿಯರು ಸಿಟ್ಟಾಗಲಿಲ್ಲ, ತಿಳಿಸಿ ಹೇಳಿದರು.

"ನೋಡವಾ, ನಾಳೆ ಎಲ್ಲಾರೂ ಮಾಡಾಕ ಹತ್ತಿದ್ರ ಮತ್ತೊಂದು ಗುಡ್ಡ ಆಗತೈತಿ. ನಿಮ್ಮಜ್ಜಿನೂ ಆ ಹೊಗಿಯಾಗ ಸತ್ತಾಕಿ."

"ಖರೇ ಐತ್ರಿ," ಎಂದೆ. "ಆ ಗುಡ್ಡದಾಗ ಬಿದ್ದದ್ದು ಯಾರಿಗೆ ಅಂತ ಗೊತ್ತಿಲ್ದ ಮಾಡಿದ್ದು. ನಾ ಮಾಡಿದ್ದು ಯಾರಿಗೆ ಅಂತ ನನಗ ಗೊತ್ತೈತಿ. ಆಕಿ ಹೆಸರು ಫಕೀರವ್ವ. ನಿಮ್ಮ ಪಟ್ಟಿಯಾಗ ಆಕಿ ಇಲ್ಲ."

ಶಿಕ್ಷೆಯಾಯಿತು. ಕೆರೆಯ ಕೆಲಸ ಹೋಯಿತು. ಒಂದು ವರ್ಷ ನನಗೆ ತರಿಸುವ ಹಕ್ಕಿಲ್ಲ. ಕಾಳುಕಡಿ, ನೀರು ಸಿಗುತ್ತದೆ. ವಸ್ತು ಒಂದೂ ಇಲ್ಲ, ಇದ್ದವನ್ನೂ ಒಯ್ದರು. ಮಂಚವಿಲ್ಲದ, ಕೊಡವಿಲ್ಲದ, ಬರೀ ನೆಲದ ಮನೆಯಲ್ಲಿ ನನ್ನನ್ನು ಬಿಟ್ಟು ಹೋದ ದಿನ ನಾನು ಅತ್ತೆ, ಅದನ್ನು ಮುಚ್ಚಿಡುವುದಿಲ್ಲ. ಮರುದಿನ ಎದ್ದಾಗ ಒಂದು ಮಾತು ಹೊಳೆಯಿತು. ಮಾಡಬಾರದು ಎಂದವರೇ ನನ್ನನ್ನು ಎಲ್ಲವನ್ನೂ ಮಾಡಿಕೊಳ್ಳಲೇಬೇಕಾದ ಜಾಗಕ್ಕೆ ತಂದು ನಿಲ್ಲಿಸಿದ್ದರು.

ಅಕ್ಕೋರ ಕೈ ಈಗ ನಡುಗುತ್ತದೆ, ಅದಕ್ಕೆ ಅವರು ಹೇಳಿದ ಹಾಗೆ ಇನ್ನೊಂದು ಗಣಕವನ್ನು ನಾನು ಕೂಡಿಸಿದೆ. ತುಂಡುಗಳು ಎಲ್ಲಿಂದ ಬಂದವೋ ನಾನು ಕೇಳಲಿಲ್ಲ. ಬೆಳಿಗ್ಗೆ ಹೊಸ್ತಿಲ ಮೇಲೆ ಹಿಟ್ಟಿನ ಬುಟ್ಟಿಯಲ್ಲಿ ಒಂದು ತಂತಿ, ಇನ್ನೊಂದು ದಿನ ಒಂದು ಪರದೆ ಇರುತ್ತಿತ್ತು. ಎರಡು ತಿಂಗಳಲ್ಲಿ ಗಣಕ ಕಣ್ಣು ಬಿಟ್ಟಿತು. ಈ ಪತ್ರ ಬರೆಯುತ್ತಿರುವುದು ಅದರಲ್ಲಿಯೇ. ಮೊದಲು ಚಾಪೆಗೆ ಒಂದು ನಕ್ಷೆ ಮಾಡಿಕೊಂಡೆ, ಆಮೇಲೆ ರೊಟ್ಟಿ ಇಡಲು ಬೆಂಡಿನ ಬುಟ್ಟಿ. ಜನ ಬರತೊಡಗಿದರು, ಮೊದಲು ಹಿತ್ತಲ ಕಡೆಯಿಂದ, ಈಗ ಮುಂದಿನ ಬಾಗಿಲಿನಿಂದಲೇ. ಪಟ್ಟಿಯಲ್ಲಿಲ್ಲದವರು ಇಷ್ಟು ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಆರು ಬೆರಳಿನ ಒಬ್ಬ ಗೌಂಡಿಗೆ ಕೈಗವಸು ಬೇಕಿತ್ತು. ಗೂನು ಬೆನ್ನಿನ ಹೆಂಗಸೊಬ್ಬಳಿಗೆ ಒರಗಿ ಕೂರಲು ದಿಂಬು. ಬಂದವರಿಗೆ ನಾನು ಮಾಡಿಕೊಡುವುದಿಲ್ಲ. ಕೂರಿಸಿ ಮೊದಲ ಗೆರೆ ಎಳೆಸುತ್ತೇನೆ. ಆ ಗೌಂಡಿಗೂ ಮೊದಲ ದಿನ ಬದನೆಕಾಯಿಯೇ ಬಂತು.

ಈಗ ನಿಮಗೆ ಹೇಳಬೇಕಾದದ್ದು. ಶುರು ಮಾಡಲು ಒಳ್ಳೆಯ ದಿನ ನೋಡಬೇಡಿ, ದೊಡ್ಡ ಯಂತ್ರಕ್ಕೆ ಕಾಯಬೇಡಿ. ನಿಮ್ಮ ಗಣಕ ಈಗ ನೀವು ಹೇಳಿದ್ದನ್ನು ಕೇಳುತ್ತದೆ. ಒಂದು ಗೆರೆ ಎಳೆಯಲು ಅದು ಯಾರನ್ನಾದರೂ ಕೇಳಿ ಬರುತ್ತೇನೆಂದ ದಿನ ಅದನ್ನು ನಂಬಬೇಡಿ. ನಿಮಗೆ ಬಂದದ್ದನ್ನು ಒಬ್ಬರಿಗಾದರೂ ಕಲಿಸಿ. ನೀವು ಬರೆದ ನಕ್ಷೆಗೆ ಬೀಗ ಹಾಕಬೇಡಿ, ಓಣಿಯಲ್ಲಿ ಹಂಚಿ. ಮತ್ತು ದಯವಿಟ್ಟು, ಯಾರಿಗೆಂದು ಗೊತ್ತಿಲ್ಲದೆ ರಾಶಿ ರಾಶಿ ಮಾಡಬೇಡಿ. ನಿಮ್ಮ ಗುಡ್ಡದ ನೆರಳಿನಲ್ಲಿ ನಾವು ಬದುಕುತ್ತಿದ್ದೇವೆ, ಅದರ ಹೆದರಿಕೆಯಿಂದಲೇ ನಮ್ಮ ಕೈ ಕಟ್ಟಿದ್ದಾರೆ. ಒಬ್ಬರ ಹಣೆ ನೋಡಿ, ಒಬ್ಬರ ಕೈ ನೋಡಿ ಮಾಡಿ. ಅಷ್ಟಾದರೆ ನನ್ನಂಥವಳು ಹುಟ್ಟಿ ಹೀಗೆ ಕಾಗದ ಬರೆಯುವ ಪ್ರಸಂಗವೇ ಬರಲಿಕ್ಕಿಲ್ಲ.

ಹೊಸ ಗಣಕದ ಸುದ್ದಿ ಮೇಲೆ ಮುಟ್ಟಿದೆ. ನಾಳೆ ಎರಡನೆಯ ವಿಚಾರಣೆ. ಮತ್ತೆ ಅದೇ ಸಹಿ ಕೇಳುತ್ತಾರೆ, ನಾನು ಈ ಸಲವೂ ಹಾಕುವುದಿಲ್ಲ. ಗಾಡಿ ತರಿಸುವ ಹಕ್ಕಿಲ್ಲವಾದ್ದರಿಂದ ಲಕ್ಕುಂಡಿಯವರೆಗೂ ನಡೆಯಬೇಕು, ಬೆಳಗಾಗುತ್ತಲೇ ಹೊರಡುತ್ತೇನೆ. ಚಪ್ಪಲಿ ನಾನೇ ಮಾಡಿಕೊಂಡದ್ದು, ನನ್ನ ಮೊದಲ ಜೋಡಿ. ಎಡಗಾಲಿನದು ಸರಿಯಾಗಿ ಕೂತಿದೆ. ಬಲಗಾಲಿನದು ಕಿರುಬೆರಳಿನ ಹತ್ತಿರ ಕಚ್ಚುತ್ತದೆ, ನಕ್ಷೆಯಲ್ಲಿ ಅಲ್ಲಿ ಒಂದು ನೂಲಿನಷ್ಟು ಜಾಗ ಬಿಡಬೇಕಿತ್ತು. ಬಂದ ಮೇಲೆ ಮುಂದಿನ ಜೋಡಿಯಲ್ಲಿ ತಿದ್ದುತ್ತೇನೆ.

ಶಾವಂತ್ರೆವ್ವ